ಹೆಸರೇ ಯಂತ್ರವಾದ ವ್ಯಕ್ತಿ: ಜೋಸೆಫ್ ಸಿರಿಲ್ ಬಾಮ್‌ಫರ್ಡ್



ನಿಮ್ಮ ಊರಿನ ರಸ್ತೆಯಲ್ಲಿ ಪೈಪು ಹಾಕಲು ಹಳದಿ ಬಣ್ಣದ ಯಂತ್ರವೊಂದು ಬಂದು ನಿಂತರೆ ಅದನ್ನು ಏನೆಂದು ಕರೆಯುತ್ತೀರಿ? ಮನೆಯಲ್ಲಿ ಉರ್ದು ಮಾತನಾಡುವವರಿರಲಿ, ಕನ್ನಡ, ತುಳು, ಬ್ಯಾರಿ ಮಾತನಾಡುವವರಿರಲಿ, ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ಜೆಸಿಬಿ. ಆ ಯಂತ್ರವನ್ನು ತಯಾರಿಸಿದ ಕಂಪನಿ ಬೇರೆಯೇ ಆಗಿದ್ದರೂ ನಾವು ಅದನ್ನು ಜೆಸಿಬಿ ಎಂದೇ ಕರೆಯುತ್ತೇವೆ. ನಕಲು ಪ್ರತಿಗೆ ಜೆರಾಕ್ಸ್ ಎನ್ನುವಂತೆ, ಸರಪಳಿ ಚಕ್ರದ ದೊಡ್ಡ ಯಂತ್ರಕ್ಕೆ ಹಿಟಾಚಿ ಎನ್ನುವಂತೆ ಇದೂ ಜನರ ನಾಲಗೆಯಲ್ಲಿ ನಿಂತ ಹೆಸರು. ಆದರೆ ಜೆಸಿಬಿ ಎಂಬ ಮೂರು ಅಕ್ಷರಗಳ ಅರ್ಥವೇನೆಂದು ತರಗತಿಯಲ್ಲಿ ಕೇಳಿದರೆ ಉತ್ತರ ಹೇಳುವ ಕೈಗಳು ಬಹಳ ಕಡಿಮೆ. ಅದು ಯಾವುದೋ ತಾಂತ್ರಿಕ ಪದದ ಸಂಕ್ಷಿಪ್ತ ರೂಪವಲ್ಲ. ಅದು ಒಬ್ಬ ಮನುಷ್ಯನ ಹೆಸರು. ಜೋಸೆಫ್ ಸಿರಿಲ್ ಬಾಮ್‌ಫರ್ಡ್ ಎಂಬ ಆ ಮನುಷ್ಯನ ಬದುಕನ್ನು, ಅವರ ಯಂತ್ರದ ಕೈಗೆ ತೊಡಿಸುವ ಬಗೆಬಗೆಯ ಬಕೆಟ್‌ಗಳ ವಿಷಯವನ್ನು ಈ ಲೇಖನದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಬಾಲ್ಯ ಮತ್ತು ಮೊದಲ ಉದ್ಯೋಗ

ಬಾಮ್‌ಫರ್ಡ್ ಹುಟ್ಟಿದ್ದು 1916ರ ಜೂನ್ 21ರಂದು, ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತ್ಯದ ಅಟಾಕ್ಸಿಟರ್ ಎಂಬ ಸಣ್ಣ ಪಟ್ಟಣದಲ್ಲಿ. ಅದು ಹಸು, ಹಾಲು, ಸಂತೆಗಳ ಊರು. ಅವರ ಮನೆತನ ಬಡತನದ್ದಲ್ಲ. 1871ರಿಂದಲೇ ಆ ಕುಟುಂಬಕ್ಕೆ ಕೃಷಿ ಉಪಕರಣಗಳನ್ನು ತಯಾರಿಸುವ ಕಾರ್ಖಾನೆಯಿತ್ತು. ಕಬ್ಬಿಣ ಕಾಯಿಸುವ ವಾಸನೆ, ಸುತ್ತಿಗೆಯ ಸದ್ದು ಬಾಲಕನಿಗೆ ಹೊಸದೇನಲ್ಲ. ಕ್ಯಾಥೊಲಿಕ್ ಮನೆತನದ ಆ ಹುಡುಗನ ಶಿಕ್ಷಣ ಸ್ಟೋನಿಹರ್ಸ್ಟ್ ಎಂಬ ಹಳೆಯ ಕ್ಯಾಥೊಲಿಕ್ ಶಾಲೆಯಲ್ಲಿ ನಡೆಯಿತು.

ಶಾಲೆ ಮುಗಿದ ಮೇಲೆ ಅವರು ನೇರವಾಗಿ ಮನೆಯ ಕಾರ್ಖಾನೆಯ ಗಾದಿಯ ಮೇಲೆ ಕೂರಲಿಲ್ಲ. ಕೊವೆಂಟ್ರಿ ನಗರದ ಆಲ್ಫ್ರೆಡ್ ಹರ್ಬರ್ಟ್ ಎಂಬ ಪ್ರಸಿದ್ಧ ಯಂತ್ರೋಪಕರಣ ಕಂಪನಿಗೆ ಸೇರಿದರು. ಲೇತ್ ಮುಂತಾದ ಯಂತ್ರಗಳನ್ನು ಮಾಡುವ ಕಂಪನಿ ಅದು. ಅದರ ಪ್ರತಿನಿಧಿಯಾಗಿ ಪಶ್ಚಿಮ ಆಫ್ರಿಕಾದ ಘಾನಾಕ್ಕೂ ಹೋದರು. ಆಗ ಆ ದೇಶಕ್ಕೆ ಗೋಲ್ಡ್ ಕೋಸ್ಟ್ ಎಂಬ ಹೆಸರಿತ್ತು. 1938ರಲ್ಲಿ ಊರಿಗೆ ಮರಳಿ ಕುಟುಂಬದ ಕಾರ್ಖಾನೆ ಸೇರಿದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. 1941ರಲ್ಲಿ ಅವರಿಗೆ ವಾಯುಸೇನೆಯ ಕರೆ ಬಂದು, ಸಾಮಗ್ರಿ ಪೂರೈಕೆ ವಿಭಾಗದಲ್ಲಿ ಕೆಲಸ ಮಾಡಿದರು. ಮಧ್ಯಪ್ರಾಚ್ಯಕ್ಕೆ ಸಾಗುವ ವಿಮಾನಗಳು ಇಳಿದು ಹೋಗುವ ನೆಲೆಯೊಂದನ್ನು ನೋಡಿಕೊಳ್ಳಲು ಮತ್ತೆ ಘಾನಾಕ್ಕೆ ಹೋಗಬೇಕಾಯಿತು. ಊರಿಗೆ ಬಂದ ಮೇಲೆ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯಲ್ಲಿ ವಿದ್ಯುತ್ ವೆಲ್ಡಿಂಗ್ ಉಪಕರಣಗಳ ಕೆಲಸ ಮಾಡಿದರು. ಈ ವೆಲ್ಡಿಂಗ್ ವಿದ್ಯೆಯೇ ಮುಂದೆ ಅವರ ಅನ್ನದ ದಾರಿಯಾಯಿತು.

ಯುದ್ಧದ ನಂತರ ಕುಟುಂಬದ ಕಾರ್ಖಾನೆಗೆ ಹಿಂತಿರುಗಿದರೂ ಅಲ್ಲಿ ಅವರು ನಿಲ್ಲಲಿಲ್ಲ. ಈ ಹುಡುಗನಿಂದ ಏನೂ ಆಗದು ಎಂಬುದು ಅವರ ಚಿಕ್ಕಪ್ಪನ ಅಭಿಪ್ರಾಯವಾಗಿತ್ತು. ಹೀಗೆ 29ನೆಯ ವಯಸ್ಸಿನಲ್ಲಿ, ಮನೆಯಲ್ಲಿ ಮಡದಿ ತುಂಬು ಗರ್ಭಿಣಿಯಾಗಿದ್ದಾಗ, ಬಾಮ್‌ಫರ್ಡ್ ಸ್ವಂತ ಕಾಲ ಮೇಲೆ ನಿಲ್ಲಬೇಕಾಯಿತು.

ಸಣ್ಣ ಗ್ಯಾರೇಜಿನ ಕಾರ್ಖಾನೆ

1945ರ ಅಕ್ಟೋಬರ್ 23. ಈ ದಿನಾಂಕವನ್ನು ನೆನಪಿಡಿ. ಅಂದು ಅವರ ಹಿರಿಯ ಮಗ ಆಂಥೊನಿ ಹುಟ್ಟಿದ. ಅಂದೇ ಅವರು ತಮ್ಮ ಸ್ವಂತ ಉದ್ಯಮವನ್ನೂ ಆರಂಭಿಸಿದರು. ಜಾಗವೆಂದರೆ ಅಟಾಕ್ಸಿಟರ್‌ನಲ್ಲಿ ಬಾಡಿಗೆಗೆ ಹಿಡಿದ ಒಂದು ಗ್ಯಾರೇಜು. ಅದು ಬಹಳ ಸಣ್ಣದು. ನಮ್ಮಲ್ಲಿ ಒಂದು ಪಂಕ್ಚರ್ ಅಂಗಡಿಗೂ ಅಷ್ಟು ಜಾಗ ಇರುತ್ತದೆ. ಬಾಡಿಗೆ ವಾರಕ್ಕೆ 30 ಶಿಲಿಂಗ್, ಅಂದರೆ ಒಂದೂವರೆ ಪೌಂಡ್. ಬಂಡವಾಳವೆಂದರೆ ಹಳೆಯ ವೆಲ್ಡಿಂಗ್ ಸೆಟ್ಟು ಮತ್ತು ತಮ್ಮ ಎರಡು ಕೈಗಳು.

ಯುದ್ಧ ಮುಗಿದ ಕಾಲವದು. ಹೊಸ ಉಕ್ಕು ಸಿಗುವುದು ಕಷ್ಟ. ಆದರೆ ಸೇನೆಗೆ ಬೇಡವಾದ ಹಳೆಯ ಸಾಮಾನು ಅಗ್ಗವಾಗಿ ಸಿಗುತ್ತಿತ್ತು. ಅದನ್ನೇ ತಂದು ಕತ್ತರಿಸಿ, ಬೆಸೆದು, ಹಿಂದಕ್ಕೆ ವಾಲಿ ಸರಕು ಸುರಿಯುವ ಒಂದು ಟ್ರೈಲರ್ ಮಾಡಿದರು. ಊರಿನ ಸಂತೆಯಲ್ಲಿ ಅದು 45 ಪೌಂಡಿಗೆ ಮಾರಾಟವಾಯಿತು. ಕೊಂಡ ರೈತ ಹಣದ ಜೊತೆಗೆ ತನ್ನ ಹಳೆಯ ಗಾಡಿಯನ್ನೂ ಕೊಟ್ಟ. ಬಾಮ್‌ಫರ್ಡ್ ಆ ಹಳೆಯ ಗಾಡಿಯನ್ನು ದುರಸ್ತಿ ಮಾಡಿ, ಬಣ್ಣ ಬಳಿದು, ಅದನ್ನೂ 45 ಪೌಂಡಿಗೆ ಮಾರಿದರು. ಲೆಕ್ಕ ನೀವೇ ಹಾಕಿ: ಒಂದು ಟ್ರೈಲರಿನಿಂದ ಬಂದದ್ದು 90 ಪೌಂಡ್. ಗುಜರಿ ಎಂದು ಬೇರೆಯವರು ಬಿಟ್ಟುದರಲ್ಲಿ ಬೆಲೆ ಕಾಣುವ ಕಣ್ಣು ಅವರಿಗಿತ್ತು.

ಎಣ್ಣೆಯ ಬಲ

ಬಾಮ್‌ಫರ್ಡರ ಬದುಕನ್ನು ಬದಲಿಸಿದ್ದು ಹೈಡ್ರಾಲಿಕ್ಸ್, ಅಂದರೆ ಒತ್ತಡದಲ್ಲಿರುವ ದ್ರವದಿಂದ ಕೆಲಸ ಮಾಡಿಸುವ ವಿದ್ಯೆ. ಪ್ರೌಢಶಾಲೆಯ ವಿಜ್ಞಾನದಲ್ಲಿ ಪ್ಯಾಸ್ಕಲನ ನಿಯಮ ಓದಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಒಂದು ಚದರ ಸೆಂಟಿಮೀಟರ್‌ನ ಸಣ್ಣ ಪಿಸ್ಟನ್ ಮೇಲೆ 10 ಕಿಲೋ ಭಾರ ಇಟ್ಟರೆ, ಎಣ್ಣೆಯ ಮೂಲಕ ಅದೇ ಒತ್ತಡ 50 ಚದರ ಸೆಂಟಿಮೀಟರ್‌ನ ದೊಡ್ಡ ಪಿಸ್ಟನ್‌ಗೆ ತಲುಪಿ 500 ಕಿಲೋ ಎತ್ತಬಲ್ಲದು. ಪರೀಕ್ಷೆಗೆಂದು ಬಾಯಿಪಾಠ ಮಾಡಿ ನಾವು ಮರೆತುಬಿಡುವ ಈ ನಿಯಮದ ಮೇಲೆ ಅವರು ಒಂದು ಉದ್ಯಮವನ್ನೇ ಕಟ್ಟಿದರು.

1948ರಲ್ಲಿ ಹೈಡ್ರಾಲಿಕ್ ಬಲದಿಂದ ಎದ್ದು ಸುರಿಯುವ ಟ್ರೈಲರ್ ಬಂತು. ಆಗ ಅವರ ಬಳಿ ಇದ್ದವರು ಆರು ಜನ ಕೆಲಸಗಾರರು. ಅದರ ಬೆನ್ನಿಗೇ ಫೋರ್ಡ್‌ಸನ್ ಮೇಜರ್ ಟ್ರ್ಯಾಕ್ಟರಿನ ಮುಂದೆ ಜೋಡಿಸುವ ಮೇಜರ್ ಲೋಡರ್ ಬಂತು. ಗೊಬ್ಬರ, ಮಣ್ಣು, ಜಲ್ಲಿಯನ್ನು ಎತ್ತಿ ಗಾಡಿಗೆ ತುಂಬುವ ಬಕೆಟ್ ಇದು. 1950ರಲ್ಲಿ ಪಕ್ಕದ ರೋಸೆಸ್ಟರ್ ಎಂಬ ಹಳ್ಳಿಯಲ್ಲಿದ್ದ ಹಳೆಯ ಚೀಸ್ ಕಾರ್ಖಾನೆಯ ಕಟ್ಟಡಕ್ಕೆ ಉದ್ಯಮ ಸ್ಥಳಾಂತರವಾಯಿತು. ಇಂದಿಗೂ ಜೆಸಿಬಿ ಕಂಪನಿಯ ಮುಖ್ಯ ಕಚೇರಿ ಇರುವುದು ಅದೇ ರೋಸೆಸ್ಟರ್‌ನಲ್ಲಿ.

ಮುಂದೆ ಒಂದು, ಹಿಂದೆ ಒಂದು

ನಾರ್ವೆ ದೇಶಕ್ಕೆ ಹೋದಾಗ ಬಾಮ್‌ಫರ್ಡ್ ಒಂದು ಹಗುರವಾದ ಅಗೆಯುವ ಯಂತ್ರವನ್ನು ಕಂಡರು. ಮನುಷ್ಯನ ಕೈಯಂತೆ ಮೊಣಕೈಯಲ್ಲಿ ಬಾಗಿ, ಮಣ್ಣನ್ನು ತನ್ನ ಕಡೆಗೆ ಎಳೆದುಕೊಳ್ಳುವ ಯಂತ್ರ. ನಮ್ಮ ಗುದ್ದಲಿ ಮಾಡುವುದೂ ಇದನ್ನೇ. ಸಲಿಕೆ ಮಣ್ಣನ್ನು ಮುಂದಕ್ಕೆ ತಳ್ಳುತ್ತದೆ, ಗುದ್ದಲಿ ಹಿಂದಕ್ಕೆ ಎಳೆಯುತ್ತದೆ. ಬಾಮ್‌ಫರ್ಡರಿಗೆ ಹೊಳೆದದ್ದು ಸರಳ. ಟ್ರ್ಯಾಕ್ಟರಿನ ಮುಂದೆ ಈಗಾಗಲೇ ಸಲಿಕೆ ಇದೆ. ಹಿಂದೆ ಗುದ್ದಲಿಯನ್ನೂ ಕಟ್ಟಿದರೆ ಒಂದೇ ಯಂತ್ರ, ಒಬ್ಬನೇ ಚಾಲಕ, ಎರಡು ಕೆಲಸ.

1953ರಲ್ಲಿ ಅಂಥ ಯಂತ್ರ ರೋಸೆಸ್ಟರ್‌ನಿಂದ ಹೊರಬಂತು. ಜೆಸಿಬಿ ಎಂಬ ಮೂರಕ್ಷರದ ಚಿಹ್ನೆ ಮೊದಲ ಬಾರಿಗೆ ಕಾಣಿಸಿಕೊಂಡದ್ದೂ ಆ ವರ್ಷವೇ. ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಹಿಂಬದಿಯಲ್ಲಿ ಅಗೆಯುವ ಹೈಡ್ರಾಲಿಕ್ ತೋಳನ್ನು ಜಗತ್ತಿನಲ್ಲಿ ಮೊದಲು ಮಾಡಿದವರು ಬಾಮ್‌ಫರ್ಡ್ ಅಲ್ಲ. ಅಮೆರಿಕದಲ್ಲಿ 1940ರ ದಶಕದ ಕೊನೆಯಲ್ಲೇ ಅಂಥ ತೋಳುಗಳನ್ನು ಟ್ರ್ಯಾಕ್ಟರಿಗೆ ಕಟ್ಟಿ ಮಾರುತ್ತಿದ್ದರು. ಅವರ ಹಿರಿಮೆ ಇರುವುದು ಬೇರೆ ಕಡೆ. ಬೇರೆ ಬೇರೆ ಕಡೆ ಇದ್ದುದನ್ನು ಒಂದು ಗಟ್ಟಿಯಾದ ಯಂತ್ರವಾಗಿ ಕೂಡಿಸಿ, ವರ್ಷ ವರ್ಷವೂ ತಿದ್ದಿ, ಸಣ್ಣ ಗುತ್ತಿಗೆದಾರನೂ ಕೊಳ್ಳುವಂತೆ ಮಾಡಿದ್ದು ಅವರು. 1957ರಲ್ಲಿ ಹೈಡ್ರಾ-ಡಿಗ್ಗಾ, 1960ರ ದಶಕದ ಆರಂಭದಲ್ಲಿ ಜೆಸಿಬಿ 3, 1963ರಲ್ಲಿ 3ಸಿ ಮಾದರಿಗಳು ಬಂದವು. ಇಂದು ನಾವು ನೋಡುವ 3ಡಿಎಕ್ಸ್ ಎಂಬ ಹೆಸರಿನ ಮೊದಲ ಅಂಕಿಯಲ್ಲಿ ಆ ವಂಶದ ಗುರುತು ಉಳಿದಿದೆ.

ಒಂದು ತೋಳು, ಹಲವು ಬಕೆಟ್

ವಿದ್ಯಾರ್ಥಿಗಳೇ, ಈಗ ಯಂತ್ರದ ಹತ್ತಿರ ಬನ್ನಿ. ಆದರೆ ಅದು ಓಡುತ್ತಿರುವಾಗ ಬರಬೇಡಿ. ಆ ತೋಳಿನ ತುದಿಯಲ್ಲಿರುವ ಬಕೆಟ್ ಎರಡು ದಪ್ಪ ಪಿನ್ನುಗಳ ಮೇಲೆ ನಿಂತಿದೆ. ಒಂದು ಪಿನ್ನು ಅದನ್ನು ತೋಳಿಗೆ ಹಿಡಿದಿಡುತ್ತದೆ. ಇನ್ನೊಂದು ಪಿನ್ನು ಅದನ್ನು ಬಾಗಿಸುವ ಕೊಂಡಿಗೆ ಸೇರಿಸುತ್ತದೆ. ಈ ಎರಡು ಪಿನ್ನು ತೆಗೆದರೆ ಬಕೆಟ್ ಕಳಚುತ್ತದೆ, ಇನ್ನೊಂದನ್ನು ತೊಡಿಸಬಹುದು. ನಾಲ್ಕು ಕೆಲಸಕ್ಕೆ ನಾಲ್ಕು ಯಂತ್ರ ಕೊಳ್ಳಲಾಗದ ಸಾಮಾನ್ಯ ಗುತ್ತಿಗೆದಾರನಿಗೆ ಈ ಎರಡು ಪಿನ್ನುಗಳೇ ದೊಡ್ಡ ಆಸ್ತಿ.

ನೀರಿನ ಪೈಪಿಗೆ ಕಿರಿದಾದ ಬಕೆಟ್ ಬೇಕು. ಏಕೆ? 100 ಮೀಟರ್ ಉದ್ದ, ಒಂದು ಮೀಟರ್ ಆಳದ ಕಾಲುವೆ ತೋಡಬೇಕೆಂದುಕೊಳ್ಳಿ. 30 ಸೆಂಟಿಮೀಟರ್ ಅಗಲದ ಬಕೆಟ್‌ನಲ್ಲಿ ಅಗೆದರೆ ಹೊರಬರುವ ಮಣ್ಣು 30 ಘನ ಮೀಟರ್. 90 ಸೆಂಟಿಮೀಟರ್ ಅಗಲದ್ದರಲ್ಲಿ ಅಗೆದರೆ 90 ಘನ ಮೀಟರ್. ಹೆಚ್ಚುವರಿ 60 ಘನ ಮೀಟರನ್ನು ಸುಮ್ಮನೆ ಅಗೆದು, ಸುಮ್ಮನೆ ತುಂಬಬೇಕು. ಹಸಿ ಮಣ್ಣಿನ ತೂಕ ಘನ ಮೀಟರಿಗೆ ಸುಮಾರು 1.8 ಟನ್ ಎಂದು ಹಿಡಿದರೆ, ಅದು 108 ಟನ್ ವ್ಯರ್ಥ ಶ್ರಮ, ಅದರ ಡೀಸೆಲ್, ಅಗಲವಾಗಿ ಒಡೆದ ರಸ್ತೆ. ನಮ್ಮ ಬೀದಿಗಳಲ್ಲಿ ಒಂದು ಸಣ್ಣ ಪೈಪಿಗಾಗಿ ರಸ್ತೆಯ ಅರ್ಧ ಭಾಗ ಹೋಗುವುದನ್ನು ನೋಡಿದಾಗ ಈ ಲೆಕ್ಕ ನೆನಪಿಸಿಕೊಳ್ಳಿ.

ಗಟ್ಟಿ ನೆಲಕ್ಕೂ ಕಿರಿದಾದ ಬಕೆಟ್ಟೇ ಹಿತ. ತೋಳಿನ ಬಲ ಅಷ್ಟೇ ಇದ್ದರೂ ಅದು ಕೆಲವೇ ಹಲ್ಲುಗಳ ಮೇಲೆ ಬೀಳುವುದರಿಂದ ಹೆಚ್ಚು ಆಳಕ್ಕೆ ಕಚ್ಚುತ್ತದೆ. ಕಲ್ಲು ಬೆರೆತ ಜಾಗಕ್ಕೆ ದಪ್ಪ ತಗಡಿನ, ಗಟ್ಟಿ ಹಲ್ಲಿನ ಬಕೆಟ್ ಬೇಕು. ಚರಂಡಿ, ಕಾಲುವೆಯ ಹೂಳು ತೆಗೆಯಲು ಅಗಲವಾದ, ಹಲ್ಲಿಲ್ಲದ ಬಕೆಟ್. ಹಲ್ಲಿದ್ದರೆ ಅದು ಕಾಲುವೆಯ ತಳವನ್ನೇ ಕೆರೆದು ಹಾಕುತ್ತದೆ. ಬಂಡೆ ಒಡೆಯಲು ಬಕೆಟ್ ತೆಗೆದು ಬ್ರೇಕರ್ ಜೋಡಿಸುತ್ತಾರೆ. ಅದಕ್ಕೆ ಪಿನ್ನುಗಳಷ್ಟೇ ಸಾಲದು, ಎಣ್ಣೆ ಹೋಗಿ ಬರಲು ಪ್ರತ್ಯೇಕ ಪೈಪುಗಳೂ ಬೇಕು. ಯಂತ್ರದ ಮುಂಭಾಗಕ್ಕೆ ಬಾಯಿ ತೆರೆದು ಮುಚ್ಚುವ ಬಕೆಟ್ಟೂ ಇದೆ. ಅದು ತಳ್ಳುತ್ತದೆ, ತುಂಬುತ್ತದೆ, ಕಚ್ಚಿ ಹಿಡಿಯುತ್ತದೆ, ಮಣ್ಣನ್ನು ಸಮನಾಗಿ ಹರಡುತ್ತದೆ.

ಹಾಗಾದರೆ ಯಾವ ಬಕೆಟ್ಟನ್ನಾದರೂ ಯಾವ ಯಂತ್ರಕ್ಕಾದರೂ ಹಾಕಬಹುದೇ? ಇಲ್ಲ. ಪಿನ್ನಿನ ದಪ್ಪ, ಎರಡು ಪಿನ್ನುಗಳ ನಡುವಿನ ಅಂತರ, ತೋಳಿನ ತುದಿಯ ಅಗಲ ಮೂರೂ ಹೊಂದಬೇಕು. ಸಡಿಲವಾಗಿದ್ದರೂ ನಡೆಯುತ್ತದೆ ಎಂದು ಹಾಕಿದರೆ ಪಿನ್ನಿನ ಸುತ್ತಲಿನ ಬುಷ್ ಸವೆದು, ತೂತು ಮೊಟ್ಟೆಯಾಕಾರವಾಗಿ, ಕೊನೆಗೆ ತೋಳಿಗೇ ಪೆಟ್ಟು. ತೂಕದ ಲೆಕ್ಕವೂ ಇದೆ. ಕಾಲು ಘನ ಮೀಟರ್ ಹಿಡಿಯುವ ಬಕೆಟ್ ತುಂಬ ಹಸಿ ಮಣ್ಣಿದ್ದರೆ ಮಣ್ಣೇ 450 ಕಿಲೋ. ಬಕೆಟ್ಟಿನ ಸ್ವಂತ ತೂಕ ಬೇರೆ. ಚಾಚಿದ ತೋಳಿನ ತುದಿಯಲ್ಲಿ ಆ ಭಾರ ಯಂತ್ರವನ್ನೇ ವಾಲಿಸಬಲ್ಲದು. ದೊಡ್ಡ ಬಕೆಟ್ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ ಎಂಬುದು ಎಲ್ಲ ಕಡೆ ನಿಜವಲ್ಲ.

ಬಕೆಟ್ ಬದಲಿಸುವ ಹೊತ್ತು ಅಪಾಯದ ಹೊತ್ತು. ಯಂತ್ರವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಬಕೆಟ್ಟನ್ನು ನೆಲಕ್ಕೆ ಊರಿ, ಇಂಜಿನ್ ಆರಿಸಬೇಕು. ತೂತುಗಳು ಸರಿಯಾಗಿ ಕೂಡಿವೆಯೇ ಎಂದು ಬೆರಳು ತೂರಿಸಿ ನೋಡಲೇಬಾರದು. ತೋಳು ಒಂದಿಂಚು ಜಾರಿದರೆ ಬೆರಳು ಉಳಿಯದು. ಗಟ್ಟಿ ಪಿನ್ನನ್ನು ಸುತ್ತಿಗೆಯಿಂದ ಬಡಿಯುವಾಗ ಉಕ್ಕಿನ ಚೂರು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಈಗ ಅನೇಕ ಯಂತ್ರಗಳಿಗೆ ಕ್ವಿಕ್ ಹಿಚ್ ಎಂಬ ಬೇಗ ಜೋಡಿಸುವ ಕೊಂಡಿ ಬಂದಿದೆ. ಚಾಲಕ ಕೆಳಗಿಳಿಯದೆಯೇ ಬಕೆಟ್ ಬದಲಿಸಬಹುದಾದ ಕೊಂಡಿಗಳೂ ಇವೆ. ಆದರೆ ಸುರಕ್ಷತಾ ಪಿನ್ನು ಹಾಕುವುದನ್ನು ಮರೆತು, ಬಕೆಟ್ ಕಳಚಿ ಕೆಳಗಿದ್ದವರ ಮೇಲೆ ಬಿದ್ದು ಸಾವುಗಳಾದ ಉದಾಹರಣೆ ಬ್ರಿಟನ್ನಿನಲ್ಲೇ ಇವೆ. ಆದ್ದರಿಂದ ಪ್ರತಿ ಬಾರಿ ಜೋಡಿಸಿದ ಮೇಲೆ ಬಕೆಟ್ಟನ್ನು ನೆಲದ ಸಮೀಪದಲ್ಲೇ ಅಲುಗಿಸಿ, ನೆಲಕ್ಕೆ ಒತ್ತಿ ಪರೀಕ್ಷಿಸಬೇಕು. ತೋಳಿನ ಕೆಳಗೆ ಯಾರೂ ನಿಲ್ಲಬಾರದು. ಸಮಯ ಉಳಿಸುವ ಪ್ರತಿ ಸಾಧನವೂ ಇನ್ನೊಂದು ಎಚ್ಚರವನ್ನು ಕೇಳುತ್ತದೆ.

ಮಾಲೀಕ ಮತ್ತು ಕೆಲಸಗಾರ

ಬಾಮ್‌ಫರ್ಡ್ ತಾವೇ ಯಂತ್ರ ಬಲ್ಲವರು. ಯಂತ್ರದ ಮೇಲೆ ದಿನವಿಡೀ ಕುಳಿತು ಮೈ ನೋಯಿಸಿಕೊಳ್ಳುವ ಚಾಲಕನ ಬಗ್ಗೆ ಯೋಚಿಸಿದರು. ಚಳಿಯ ದೇಶದಲ್ಲಿ ಚಾಲಕನಿಗೆ ಬಿಸಿ ಚಹಾ ಸಿಗಲೆಂದು ಕ್ಯಾಬಿನ್ನಿನಲ್ಲಿ ಕೆಟಲ್ ಜೋಡಿಸುವ ವ್ಯವಸ್ಥೆ ಮಾಡಿಸಿದರು. ಇದು ಜಾಹೀರಾತಿನ ಜಾಣತನವೂ ಹೌದು. ಯಾವ ಯಂತ್ರ ಕೊಳ್ಳಬೇಕೆಂದು ಮಾಲೀಕ ಯೋಚಿಸುವಾಗ ಚಾಲಕನ ಮಾತಿಗೂ ಬೆಲೆಯಿದೆ ಎಂದು ಅವರು ತಿಳಿದಿದ್ದರು. ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ, ಬಕೆಟ್ಟುಗಳನ್ನು ನೆಲಕ್ಕೆ ಊರಿ ಮೈಯೆತ್ತಿ ಕುಣಿಸುವ ಪ್ರದರ್ಶನಗಳು ಕಂಪನಿಯ ಹೆಸರನ್ನು ಮನೆಮಾತಾಗಿಸಿದವು.

1964ರಲ್ಲಿ ವ್ಯಾಪಾರ ಚೆನ್ನಾಗಿ ನಡೆದಾಗ ತಮ್ಮ ಕೆಲಸಗಾರರಿಗೆ ಒಟ್ಟು ಎರಡೂವರೆ ಲಕ್ಷ ಪೌಂಡ್ ಬೋನಸ್ ಹಂಚಿದರು. ಹಳೆಯ ಕೃಷಿ ಗಾಡಿಯೊಂದರ ಮೇಲೆ ನಿಂತು ಸ್ವತಃ ತಮ್ಮ ಕೈಯಿಂದ ಕೊಟ್ಟರು. ಗಾಡಿಯಿಂದ ಆರಂಭವಾದ ಉದ್ಯಮದ ಲಾಭವನ್ನು ಗಾಡಿಯ ಮೇಲೆ ನಿಂತೇ ಹಂಚಿದ್ದು ಅರ್ಥಪೂರ್ಣವಾಗಿತ್ತು. 1969ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಸಿಬಿಇ ಗೌರವ ನೀಡಿತು.

1975ರಲ್ಲಿ, ಅರವತ್ತು ತುಂಬುವ ಮೊದಲೇ, ಅವರು ಕಂಪನಿಯ ಹೊಣೆಯನ್ನು ಮಗ ಆಂಥೊನಿಗೆ ಒಪ್ಪಿಸಿ ಸ್ವಿಟ್ಜರ್ಲೆಂಡಿಗೆ ಹೋಗಿ ನೆಲೆಸಿದರು. ಕುರ್ಚಿ ಬಿಡುವುದು ಕಟ್ಟುವುದಕ್ಕಿಂತ ಕಷ್ಟವೆಂದು ಸಂಸ್ಥೆಗಳನ್ನು ನಡೆಸುವವರಿಗೆಲ್ಲ ಗೊತ್ತು. ನಿವೃತ್ತಿಯಲ್ಲೂ ಕೈ ಸುಮ್ಮನಿರಲಿಲ್ಲ, ದೋಣಿಗಳ ವಿನ್ಯಾಸದಲ್ಲಿ ತೊಡಗಿದರು. 1993ರಲ್ಲಿ ಅಮೆರಿಕದ ಯಂತ್ರೋಪಕರಣ ತಯಾರಕರ ಸಂಘ ತನ್ನ ಗೌರವ ಪಟ್ಟಿಗೆ ಅವರನ್ನು ಸೇರಿಸಿಕೊಂಡಿತು. 2001ರ ಮಾರ್ಚ್ 1ರಂದು, 84ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನಮ್ಮ ನೆಲದಲ್ಲಿ

ಜೆಸಿಬಿ ಭಾರತಕ್ಕೆ ಬಂದದ್ದು 1979ರಲ್ಲಿ, ಎಸ್ಕಾರ್ಟ್ಸ್ ಕಂಪನಿಯ ಜೊತೆಗೂಡಿ, ಹರಿಯಾಣದ ಬಲ್ಲಭಗಡದಲ್ಲಿ. 2003ರಲ್ಲಿ ಅದು ಪೂರ್ತಿಯಾಗಿ ಜೆಸಿಬಿಯದೇ ಆಯಿತು. ನಮ್ಮ ಕರ್ನಾಟಕವೂ ಈ ಉದ್ಯಮದಲ್ಲಿ ಹಿಂದಿಲ್ಲ. 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಕೆಜಿಎಫ್‌ನಲ್ಲಿ ಮಣ್ಣು ಸಾಗಿಸುವ ಭಾರೀ ಯಂತ್ರಗಳನ್ನು ತಯಾರಿಸುತ್ತದೆ. ಧಾರವಾಡದಲ್ಲಿ ಟಾಟಾ ಹಿಟಾಚಿ ಕಾರ್ಖಾನೆಯಿದೆ.

ಈ ಕಥೆಗೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಡಬಾರದು. ನಮ್ಮ ನಾಡಿನಲ್ಲಿ ಮಣ್ಣು ಅಗೆಯುವುದನ್ನೇ ಕಸುಬಾಗಿಸಿಕೊಂಡು ಕೆರೆ, ಬಾವಿ, ಏರಿಗಳನ್ನು ಕಟ್ಟಿದವರು ಭೋವಿ ಜನ. ಹತ್ತಾರು ಗುದ್ದಲಿಗಳು ದಿನವಿಡೀ ಮಾಡುತ್ತಿದ್ದ ಕೆಲಸವನ್ನು ಯಂತ್ರ ಗಂಟೆಗಳಲ್ಲಿ ಮುಗಿಸಿದಾಗ ಆ ಕೈಗಳಿಗೆ ಕೂಲಿ ತಪ್ಪಿತು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯಲ್ಲಿ, ಕೂಲಿಕಾರರ ಕೆಲಸ ಕಸಿಯುವ ಯಂತ್ರಗಳನ್ನು ಆದಷ್ಟೂ ಬಳಸಬಾರದೆಂಬ ನಿಯಮ ಸೇರಿದ್ದು ಈ ಕಾರಣಕ್ಕೇ. ಯಂತ್ರ ಕಟ್ಟಲೂ ಬರುತ್ತದೆ, ಕೆಡವಲೂ ಬರುತ್ತದೆ. ಹೂಳು ತುಂಬಿದ ಕೆರೆಗೆ ಜೀವ ಕೊಡುವ ತೋಳೇ ಒಂದು ಸಂಸಾರದ ಗೋಡೆಯನ್ನೂ ನಿಮಿಷಗಳಲ್ಲಿ ಉರುಳಿಸಬಲ್ಲದು. ಯಾವುದು ನ್ಯಾಯ, ಯಾವುದು ಅನ್ಯಾಯ ಎಂದು ತೂಗುವ ಶಕ್ತಿ ಕಬ್ಬಿಣಕ್ಕಿಲ್ಲ. ಅದನ್ನು ಕಳಿಸುವವರಿಗೂ ನಡೆಸುವವರಿಗೂ ಆ ಶಕ್ತಿ ಇರಬೇಕು.

ಕೊನೆಯದಾಗಿ, ನಮ್ಮ ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ಒಂದು ಮಾತು. ನಮ್ಮ ಹುಡುಗರಲ್ಲಿ ಎಷ್ಟೋ ಜನ ಎಸ್ಸೆಸ್ಸೆಲ್ಸಿಗೆ ಮೊದಲೇ ಶಾಲೆ ಬಿಟ್ಟು ಯಂತ್ರದ ಜೊತೆ ಹೆಲ್ಪರ್ ಆಗಿ ಹೋಗುತ್ತಾರೆ. ಪಿನ್ನಿಗೆ ಗ್ರೀಸ್ ಹಾಕುತ್ತಾರೆ, ಬಕೆಟ್ ಬದಲಿಸುತ್ತಾರೆ, ನೋಡಿ ನೋಡಿ ಆಪರೇಟರ್ ಆಗುತ್ತಾರೆ. ಆ ಕೆಲಸ ಕೀಳಲ್ಲ, ಅದರ ಅನ್ನ ಹಲಾಲಾದ ಅನ್ನ. ನನ್ನ ಕಳವಳ ಅದಲ್ಲ. ಕ್ಯಾಬಿನ್ನಿನ ಪಕ್ಕದಲ್ಲಿ ಅಂಟಿಸಿದ ಭಾರದ ಪಟ್ಟಿಯನ್ನು ಓದಲು ಬಾರದೆ, ಎಷ್ಟು ದೂರಕ್ಕೆ ಎಷ್ಟು ತೂಕ ಎಂಬ ಲೆಕ್ಕ ತಿಳಿಯದೆ ಆ ಸೀಟಿನಲ್ಲಿ ಕುಳಿತವನು ತನ್ನ ಜೀವವನ್ನೂ ಪರರ ಜೀವವನ್ನೂ ಪಣಕ್ಕಿಟ್ಟಿರುತ್ತಾನೆ. ಇನ್ನೆರಡು ವರ್ಷ ಶಾಲೆಯಲ್ಲಿದ್ದು, ನಂತರ ಐಟಿಐ ಇಲ್ಲವೇ ಡಿಪ್ಲೊಮಾ ಮುಗಿಸಿ, ಪರವಾನಗಿ ಪಡೆದು ಹೋದರೆ ಅದೇ ಹುಡುಗ ಆಪರೇಟರ್ ಆಗುವುದಷ್ಟೇ ಅಲ್ಲ, ಕೆಟ್ಟ ಯಂತ್ರವನ್ನು ರಿಪೇರಿ ಮಾಡಬಲ್ಲ, ನಾಳೆ ಬಕೆಟ್ಟುಗಳನ್ನೇ ತಯಾರಿಸಿ ಮಾರಬಲ್ಲ. ವೆಲ್ಡಿಂಗ್ ಕಲಿತ ಒಬ್ಬ ವ್ಯಕ್ತಿ ಸಣ್ಣ ಗ್ಯಾರೇಜಿನಲ್ಲಿ ಆರಂಭಿಸಿದ್ದು ಅದನ್ನೇ.

ಆದ್ದರಿಂದ ಪಾಲಕರೇ, ಈ ಜೂನ್ ತಿಂಗಳಲ್ಲಿ ಮಗನನ್ನು ಯಂತ್ರದ ಜೊತೆ ಕಳಿಸುವ ಮಾತು ಮನೆಯಲ್ಲಿ ಬಂದರೆ, ಮೊದಲು ಅವನ ವಿಜ್ಞಾನದ ಪುಸ್ತಕ ತೆಗೆದು ಪ್ಯಾಸ್ಕಲನ ನಿಯಮದ ಪುಟವನ್ನು ಅವನಿಂದಲೇ ಓದಿಸಿ ಕೇಳಿ. ಅರ್ಥ ಹೇಳಿದರೆ ಅವನು ಇನ್ನೂ ಮುಂದೆ ಓದಬಲ್ಲ ಹುಡುಗ. ಹೇಳಲಾಗದಿದ್ದರೆ ಅವನಿಗೆ ಶಾಲೆಯ ಅಗತ್ಯ ಇನ್ನೂ ಹೆಚ್ಚು.